ತೋಟ ದಾಟದ ಫೈಬರ್

ಈಗ ಭಾರತ್‌ನೆಟ್ ಎಂದು ಕರೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಸುಮಾರು 2.5 ಲಕ್ಷ ಗ್ರಾಮ ಪಂಚಾಯತ್‌ಗಳಿಗೆ ಫೈಬರ್ ಮುಟ್ಟಿಸುವುದು ಅದರ ಆಗಿನ ಗುರಿ. ಕಾರ್ಕಳ ತಾಲೂಕಿನ ಘಟ್ಟದ ಬುಡದ ಒಂದು ಊರಿನಲ್ಲಿ ಅದು ಪಂಚಾಯತ್ ಕಚೇರಿಯವರೆಗೆ ಬಂದು ನಿಂತಿತು. ನಮ್ಮ ಕಡೆ ಒಂದೊಂದು ಮನೆಯೂ ತನ್ನ ತೋಟದ ನಡುವೆ ಇರುವುದರಿಂದ ಅಲ್ಲಿಂದ ಮುಂದಿನ ದಾರಿಯೇ ದುಬಾರಿ.

ಆ ಊರಿನ ಒಂದು ಬೈಲಿನ ಆರು ಮನೆಯವರು ಸೇರಿ ಕೇಬಲ್ ಆಪರೇಟರ್‌ಗೆ ಮುಂಗಡ ಕೊಟ್ಟರು. ರಸ್ತೆ ಬದಿಯ ಮೊದಲ ಮನೆಗೆ ಲೈನ್ ಬಂತು. ಉಳಿದ ಐದಕ್ಕೆ ಆ ಮನೆಯ ಅಡಿಕೆ ತೋಟ ದಾಟಬೇಕಿತ್ತು. ಯಜಮಾನರು ಒಪ್ಪಲಿಲ್ಲ.

"ರಸ್ತೆ ಅಗಲ ಮಾಡುವಾಗ ಜಾಗ ಬಿಟ್ಟುಕೊಟ್ಟೆ. ಪಾಗಾರ ಕಟ್ಟಿಸಿ ಕೊಡ್ತೇವೆ ಅಂತ ಈ ಐದು ಮನೆಯವರೇ ಹೇಳಿದ್ದು. ಕಟ್ಟಿಸಿದ್ರಾ?"

ಕಟ್ಟಿಸಿರಲಿಲ್ಲ. ಅದು ನಿಜ.

ಆಪರೇಟರ್ ಸುತ್ತು ಹಾಕಿ, ಹಲಸು, ಧೂಪದ ಮರಗಳಿಗೆ ಪ್ಲಾಸ್ಟಿಕ್ ಹಗ್ಗದಲ್ಲಿ ಬಿಗಿದು ಕೇಬಲ್ ಎಳೆದ. ಜುಲೈ ಗಾಳಿಗೆ ಕೊಂಬೆ ಬಿದ್ದು ಫೈಬರ್ ಕಟ್ಟಾಯಿತು. ಮೋಡೆಮ್‌ನಲ್ಲಿ ಕೆಂಪು ದೀಪ ಮಿನುಗುತ್ತಲೇ ಇತ್ತು. ಐದು ಮನೆಯ ತಿಂಗಳ ಹಣ ಎರಡು ಮೂರು ಸಲ ಆಳು ಕಳಿಸುವಷ್ಟರಲ್ಲಿ ಮುಗಿಯುತ್ತದೆ ಎಂದು ಆತ ಹೇಳಿದ. ಲೆಕ್ಕ ತಪ್ಪಿರಲಿಲ್ಲ, ಆದರೆ ಮುಂಗಡ ಪಡೆಯುವಾಗ ಆ ಲೆಕ್ಕವನ್ನು ಬಾಯಿ ಬಿಟ್ಟಿರಲಿಲ್ಲ. ಆ ಐದರಲ್ಲಿ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಮಗಳು ಮಣಿಪಾಲದಲ್ಲಿ ಪೀಜಿ ಹಿಡಿಯಬೇಕಾಯಿತು.

2023ರ ದೂರಸಂಪರ್ಕ ಕಾಯ್ದೆಯಲ್ಲಿ ಇಂಥ ತಡೆಯನ್ನು ದಾಟಲೂ ದಾರಿಯಿದೆ. ಖಾಸಗಿ ಜಮೀನಿನಲ್ಲಿ ಲೈನ್ ಹೋಗಲು ಮೊದಲು ಮಾಲೀಕನ ಜೊತೆ ಒಪ್ಪಂದ ಆಗಬೇಕು. ಆಗದಿದ್ದರೆ ಸಾರ್ವಜನಿಕ ಹಿತ ನೋಡಿ ಸರ್ಕಾರ ತೀರ್ಮಾನಿಸಬಹುದು. ಐದು ಮನೆಗಾಗಿ ಆ ಬಾಗಿಲು ತಟ್ಟುವವರು ಯಾರು?

ಯಜಮಾನರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆರು ಮನೆಯ ಹಣದಿಂದ ಬಂದ ಸಂಪರ್ಕವನ್ನು ತಾವು ಇಟ್ಟುಕೊಂಡು ಉಳಿದವರನ್ನು ತಡೆದದ್ದು ಅನ್ಯಾಯ. ಹಾಸಿಗೆಯಲ್ಲಿದ್ದ ಆ ತಾಯಿ ಯಾವ ಪಾಗಾರದ ಮಾತೂ ಕೊಟ್ಟವರಲ್ಲ. ಐದು ಮನೆಯವರನ್ನೂ ಬಿಡುವಂತಿಲ್ಲ. ರಸ್ತೆ ಸಿಕ್ಕಿದ ಮೇಲೆ ಅವರಿಗೆ ಆ ಮನುಷ್ಯ ನೆನಪಾದದ್ದು ಕೇಬಲ್ ಬೇಕಾದಾಗ ಮಾತ್ರ. ಕೆಲಸ ಆಗುವವರೆಗೆ ನೆರೆಕರೆ, ಆದ ಮೇಲೆ ಅವರವರ ಪಾಡು: ಇದು ಆ ಬೈಲಿನ ರೋಗವಷ್ಟೇ ಎನ್ನಲು ನನಗೆ ಧೈರ್ಯವಿಲ್ಲ. ಕಾಪುವಿನಲ್ಲಿರಲಿ, ಉಡುಪಿಯಲ್ಲಿರಲಿ, ನಾವೂ ಹೀಗೆಯೇ ಬದುಕುತ್ತಿದ್ದೇವೆ.

ಐದು ಮನೆಯವರಿಗೆ ನಾನು ಹೇಳುವುದಿಷ್ಟು. ಕಾಯ್ದೆಯ ಮೊರೆ ಹೋಗುವ ಮೊದಲು ಪಾಗಾರ ಕಟ್ಟಿಸಿ ಕೊಡಿ, ತಡವಾದುದಕ್ಕೆ ಕ್ಷಮೆ ಕೇಳಿ. ಆಮೇಲೂ ಅವರು ಒಪ್ಪದಿದ್ದರೆ ಆಪರೇಟರ್ ಮೂಲಕ ಕಾಯ್ದೆಯ ಬಾಗಿಲು ತಟ್ಟಿ. ಆಗ ನ್ಯಾಯ ನಿಮ್ಮ ಕಡೆ ಇರುತ್ತದೆ.