ಬಾಕಿ ಇಲ್ಲ ಅನ್ನೋದಕ್ಕೆ ಸಾಕ್ಷಿ ಯಾರು?

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಡಿಗ್ರಿ ಮುಗಿದ ವರ್ಷ ನಾನು ಹಾಕಿದ ಮೊದಲ ಸಾಕ್ಷಿ ಸಹಿ ನನ್ನ ಅಪ್ಪನ ವಿರುದ್ಧವೇ ಆಗಿತ್ತು. ಇದನ್ನು ಬಚ್ಚಿಟ್ಟು ನ್ಯಾಯದ ಬಗ್ಗೆ ಏನು ಬರೆದರೂ ಅದು ಬರೀ ಭಾಷಣ. ಅದಕ್ಕೇ ಮೊದಲು ಇದನ್ನು ಹೇಳಿಕೊಳ್ಳುತ್ತಿದ್ದೇನೆ.

ಅಪ್ಪ ಗಾರೆ ಕೆಲಸದವನು. ಮಳವಳ್ಳಿ ಕಡೆಯ ಹಳ್ಳಿಯಿಂದ ಕರಣೆ ಹಿಡಿದು ಬಂದವನು. ಜಯನಗರ, ಬನಶಂಕರಿ, ಜೆ.ಪಿ. ನಗರದಲ್ಲಿ ಅವನು ಗಾರೆ ಮೆತ್ತಿದ ಗೋಡೆಗಳು ಎಷ್ಟೋ. ಬಿಟಿಎಂ ಲೇಔಟು ಅಂತ ಒಂದಿದೆಯಲ್ಲ, ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳನ್ನು ಮೂರು ಇಂಗ್ಲಿಷ್ ಅಕ್ಷರ ಮಾಡಿದ ಬಡಾವಣೆ, ಅಲ್ಲಿ ಕೂಡ ಅವನ ಬೆವರಿದೆ. ಊರುಗಳ ಹೆಸರೇ ಮೊದಲಕ್ಷರಕ್ಕೆ ಇಳಿದುಹೋದ ಕಡೆ ಗಾರೆಯವನ ಹೆಸರು ಎಲ್ಲಿ ಉಳಿಯಬೇಕು?

ಜೆ.ಪಿ. ನಗರದಲ್ಲಿ ಮೂರು ಮಹಡಿಯ ಮನೆ. ಮಾಲೀಕರು ಅಮೆರಿಕಾದಲ್ಲಿ. ಅಪ್ಪ ನಾಲ್ಕು ಆಳು ಕಟ್ಟಿಕೊಂಡು ಪ್ಲಾಸ್ಟರಿಂಗ್ ಕೆಲಸವನ್ನು ಚದರದ ಲೆಕ್ಕದಲ್ಲಿ ಹಿಡಿದಿದ್ದ. ಕೆಲಸ ಮುಗಿದಾಗ ಬರಬೇಕಾಗಿದ್ದದ್ದು 46,000 ರೂಪಾಯಿ. ಅಷ್ಟರಲ್ಲಿ ಮನೆ ಮಾರಾಟಕ್ಕೆ ಬಂತು. ಕೊಳ್ಳುವವರ ಕಡೆಯವರು ಕೇಳಿದರಂತೆ: ಈ ಕಟ್ಟಡದ ಮೇಲೆ ಯಾರ ಬಾಕಿಯೂ ಇಲ್ಲ ಅಂತ ಕೆಲಸದವರಿಂದ ಬರೆಸಿಕೊಡಿ. ಒಂದು ಸಂಜೆ ಕಂಟ್ರಾಕ್ಟರ್ ಕಡೆಯ ಹುಡುಗ ಛಾಪಾ ಕಾಗದ, ಇಂಕ್ ಪ್ಯಾಡು, ಮೊಬೈಲು ಹಿಡಿದು ಬಂದ. ಮೊಬೈಲಿನ ಪರದೆಯಲ್ಲಿ ಕರಿ ಕೋಟಿನ ಒಬ್ಬರು ಕೂತಿದ್ದರು. "ನೋಟರಿಯೋರು ಫೋನಲ್ಲೇ ನೋಡ್ತಾರೆ, ನೀವು ಎಲ್ಲೂ ಅಲೆಯೋ ಹಾಗಿಲ್ಲ" ಅಂದ ಹುಡುಗ.

ಅಪ್ಪ ನನ್ನ ಕಡೆ ನೋಡಿದ. "ಏನ್ ಬರ್ದವ್ರೆ, ಓದು ಮಗ."

ಓದಿದೆ. 'ನನಗೆ ಬರಬೇಕಾದ ಹಣ ಪೂರ್ತಿ ಚುಕ್ತಾ ಆಗಿರುತ್ತದೆ. ಸದರಿ ಕಟ್ಟಡದ ಮೇಲೆ ನನ್ನದು ಯಾವ ಹಕ್ಕು ಬಾಧ್ಯತೆಯೂ ಇರುವುದಿಲ್ಲ. ಓದಿ ಹೇಳಲು ಕೇಳಿ, ಸರಿ ಎಂದು ಒಪ್ಪಿ, ಸ್ವಸಂತೋಷದಿಂದ ಹಾಕಿದ ಹೆಬ್ಬೆಟ್ಟಿನ ಗುರುತು.'

"ಬಂದಿಲ್ವಲ್ಲ ಮಗ, ಇನ್ನೂವೆ."

"ಅದು ಸುಮ್ನೆ ಫಾರ್ಮಾಲಿಟಿ ಯಜಮಾನ್ರೇ. ನಾಳೆ ಅಕೌಂಟಿಗೆ ಬೀಳ್ತದೆ" ಅಂದ ಹುಡುಗ.

ಪರದೆಯೊಳಗಿಂದ ಮೂರು ಪ್ರಶ್ನೆ ಬಂದವು. ಏನಪ್ಪಾ ನಿನ್ ಹೆಸರು? ಆಧಾರ್ ತೋರಿಸು. ಇದು ನಿಂದೇ ಹೆಬ್ಬೆಟ್ಟಾ? ನಾಲ್ಕನೆಯದು ಬರಲಿಲ್ಲ. ದುಡ್ಡು ಬಂತಾ ಅಂತ ಆ ಮನುಷ್ಯ ಕೇಳಲಿಲ್ಲ. ಕೇಳಬೇಕಾಗಿದ್ದ ನಾನೂ ಕೇಳಲಿಲ್ಲ. "ಒತ್ತಪ್ಪ, ಎಲ್ಲಾರೂ ಒತ್ತವ್ರೆ" ಅಂದೆ. ಮುಂದಿನ ತಿಂಗಳ ಕೆಲಸವೂ ಆ ಕಂಟ್ರಾಕ್ಟರ್ ಕೈಯಲ್ಲೇ ಇತ್ತು. ಅಪ್ಪ ಒತ್ತಿದ. ಸಿಮೆಂಟು ತಿಂದುಹಾಕಿದ ಬೆರಳು. ಗೆರೆಯೇ ಮೂಡಲಿಲ್ಲ, ಮಸಿಯ ಒಂದು ಮುದ್ದೆ ಮೂಡಿತು. ಕೆಳಗೆ ಸಾಕ್ಷಿ ಅಂತ ಇದ್ದ ಕಡೆ ನಾನು ದುಂಡಗೆ ಸಹಿ ಹಾಕಿದೆ.

20,000 ಬಂತು. ಮಿಕ್ಕಿದ್ದು ಬರಲಿಲ್ಲ. ಕೇಳಲು ಹೋದರೆ ನಮ್ಮದೇ ಕಾಗದ ನಮಗೆ ತೋರಿಸಿದರು.

ಅವತ್ತಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸಾಕ್ಷಿ ಅಂದರೆ ಯಾವುದಕ್ಕೆ ಸಾಕ್ಷಿ? ಬೆರಳು ಕಾಗದಕ್ಕೆ ತಾಗಿದ್ದಕ್ಕೋ? ಕಾಗದದ ಮಾತು ನಿಜವಾದದ್ದಕ್ಕೋ?

ಗೆಳೆಯರೊಬ್ಬರು ಹೇಳಿದರು: ತಪ್ಪೆಲ್ಲ ಆ ಮೊಬೈಲಿನದು, ನೋಟರಿ ಎದುರಿಗೆ ಕೂತಿದ್ದರೆ ಹೀಗಾಗುತ್ತಿರಲಿಲ್ಲ. ಅಮೆರಿಕಾದ ವರ್ಜೀನಿಯಾ ರಾಜ್ಯ 2011ರಲ್ಲಿ ಕಾನೂನು ಮಾಡಿ, ನೋಟರಿ ಒಂದು ಕಡೆ, ಸಹಿ ಹಾಕುವವನು ಇನ್ನೊಂದು ಕಡೆ ಇದ್ದು ಕ್ಯಾಮೆರಾದಲ್ಲೇ ಕೆಲಸ ಮುಗಿಸಬಹುದು ಅಂದಿತು. 2020ರ ಕೊರೋನಾ ಆದಮೇಲೆ ಅಲ್ಲಿನ ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ನಮ್ಮ 1952ರ ನೋಟರಿ ಕಾಯ್ದೆಯಲ್ಲಿ ಕ್ಯಾಮೆರಾದ ಮಾತೇ ಇಲ್ಲ. ಹಾಗಾಗಿ ಆ ಸಂಜೆ ನಡೆದದ್ದು ಎಷ್ಟು ಊರ್ಜಿತ ಅಂತ ವಕೀಲರು ವಾದ ಮಾಡಬಹುದು. ಮಾಡಲಿ. ಆದರೆ ನಮ್ಮಂಥವರು ಅಷ್ಟಕ್ಕೇ ಸಮಾಧಾನ ಮಾಡಿಕೊಂಡರೆ ನಮ್ಮ ಚರಿತ್ರೆಯನ್ನೇ ಮರೆತಂತೆ.

ಯಾಕೆಂದರೆ ಎದುರಾಎದುರು ಕೂತು ಬರೆಸಿಕೊಂಡ ಕಾಗದಗಳ ಕಥೆ ನಮ್ಮ ಹಟ್ಟಿಗಳಿಗೆ ಗೊತ್ತು. ಬರೆಯುವವನು ಜಗಲಿಯ ಮೇಲೆ, ಒತ್ತುವವನು ಬೀದಿಯಲ್ಲಿ. ಕಾಗದವನ್ನು ಮೆಟ್ಟಿಲ ಮೇಲೆ ಇಡುತ್ತಿದ್ದರು, ಕೈಗೆ ಕೊಡುತ್ತಿರಲಿಲ್ಲ. ನಾಲ್ಕು ಮಾರು ದೂರವಿದ್ದ ಆ ಜಗಲಿಗಿಂತ ಸಮುದ್ರದಾಚೆಯ ಅಮೆರಿಕಾ ಹೆಚ್ಚು ದೂರವೇನಲ್ಲ. ಇನ್ನೂ ನಿಜ ಹೇಳಬೇಕೆಂದರೆ, ನೋಟರಿ ಹುಡುಕಿಕೊಂಡು ಹೋಗಿ ಮರದ ಕೆಳಗೆ ಅರ್ಧ ದಿನ ಕಾದು ಕೂಲಿ ಕಳೆದುಕೊಳ್ಳುವ ಬದಲು ಕೆಲಸದ ಜಾಗದಲ್ಲೇ ಮುಗಿದರೆ ಅಪ್ಪನಿಗೆ ಅನುಕೂಲವೇ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಇರುವುದಕ್ಕೆ ಜಗಲಿಯಾದರೇನು, ಪರದೆಯಾದರೇನು?

ಇನ್ನು ಆ ಕಾಗದದಲ್ಲಿ ಅಪ್ಪ ಬಿಟ್ಟುಕೊಟ್ಟ 'ಹಕ್ಕು' ಯಾವುದು ನೋಡೋಣ.

ಅಮೆರಿಕಾದಲ್ಲಿ ಕಟ್ಟಿದವನಿಗೆ ಕಟ್ಟಡದ ಮೇಲೇ ಒಂದು ಹಿಡಿತವಿದೆ. ಕೂಲಿ ಬಾಕಿ ಇದ್ದರೆ ಅದು ಆ ಆಸ್ತಿಯ ಮೇಲೆ ಸಾಲದ ಹಾಗೆ ಕೂರುತ್ತದೆ. ಮಾರುವವನು ಅದನ್ನು ತೀರಿಸಲೇಬೇಕು. ಅದಕ್ಕೇ ಅಲ್ಲಿ ಹಕ್ಕು ಬಿಡುಗಡೆಯ ಪತ್ರಕ್ಕೆ ಅಷ್ಟು ಬೆಲೆ. 1791ರಲ್ಲಿ ಮೇರಿಲ್ಯಾಂಡ್ ರಾಜ್ಯ ವಾಷಿಂಗ್ಟನ್ ನಗರ ಕಟ್ಟಿಸುವ ಸಲುವಾಗಿ ಈ ಕಾನೂನು ತಂದಿತು. ಅದೇ ನಗರದ ಅಧ್ಯಕ್ಷರ ಮನೆ ಕಟ್ಟಲು ಕಪ್ಪು ಗುಲಾಮರನ್ನೂ ದುಡಿಸಿದರು, ಅವರ ಕೂಲಿ ಅವರ ಒಡೆಯರ ಕೈಗೆ ಹೋಯಿತು. ಕಟ್ಟಿದವನಿಗೆ ಹಕ್ಕು ಅಂತ ಬರೆದವರು ಯಾರನ್ನು 'ಕಟ್ಟಿದವನು' ಅಂತ ಎಣಿಸಿದರು, ಯಾರನ್ನು ಎಣಿಸಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ನಮ್ಮಲ್ಲಿ? 1872ರ ಕರಾರು ಕಾಯ್ದೆಯ 170ನೇ ಕಲಮು ಹೇಳುತ್ತದೆ: ಒಬ್ಬನ ವಸ್ತುವಿನ ಮೇಲೆ ಇನ್ನೊಬ್ಬ ತನ್ನ ಶ್ರಮ, ಕೌಶಲ ಹಾಕಿದ್ದರೆ, ಕೂಲಿ ಕೊಡುವವರೆಗೆ ಆ ವಸ್ತುವನ್ನು ತನ್ನ ಹತ್ತಿರ ಇಟ್ಟುಕೊಳ್ಳಬಹುದು. ದರ್ಜಿ ಅಂಗಿ ಇಟ್ಟುಕೊಳ್ಳಬಹುದು. ಚಪ್ಪಲಿ ಹೊಲಿದವನು ಚಪ್ಪಲಿ ಇಟ್ಟುಕೊಳ್ಳಬಹುದು. ಆದರೆ ಗೋಡೆ ಮೆತ್ತಿದವನು ಗೋಡೆಯನ್ನು ಎಲ್ಲಿ ಇಟ್ಟುಕೊಂಡಾನು? ಆ ಕಲಮು ಎತ್ತಿಕೊಂಡು ಹೋಗುವ ಸರಕಿಗೆ ಮಾತ್ರ, ನೆಲಕ್ಕೆ ಅಂಟಿದ ಮನೆಗೆ ಅಲ್ಲ. ಕೂಲಿ ಕೇಳುವ ಹಕ್ಕು ಅಪ್ಪನಿಗೆ ಉಂಟು, ಮನೆಯ ಮೇಲೆ ಹಿಡಿತವಿಲ್ಲ. ಅವನಿಗೆ ಎಂದೂ ಇಲ್ಲದ ಹಿಡಿತವನ್ನು ಬಿಡಿಸಿಕೊಳ್ಳುವ ನೆಪದಲ್ಲಿ, ಇದ್ದ ಒಂದು ಹಕ್ಕನ್ನೂ ಆ ಕಾಗದ ಒರೆಸಿಹಾಕಿತು. ಚಪ್ಪಲಿ ಹೊಲಿದವನ ಮಾತು ಬೇಕಾದರೆ ಕೇಳಿ: ಗೌಡರ ಜೋಡನ್ನು ಕೂಲಿ ಕೊಡದೆ ಕೊಡಲ್ಲ ಅಂತ ನಮ್ಮ ತಾತಂದಿರಲ್ಲಿ ಎಷ್ಟು ಜನ ಹಿಡಿದುಕೊಂಡಾರು? ಕಾನೂನು ಕೊಟ್ಟ ಹಿಡಿತವನ್ನೂ ಜಾತಿ ಬಿಡಿಸಿತು.

ಹಾಗಾದರೆ 'ಸ್ವಸಂತೋಷದಿಂದ' ಎಂಬ ಮಾತಿನ ಅರ್ಥವೇನು? ಅಪ್ಪನ ಕೈಯನ್ನು ಯಾರೂ ಹಿಡಿದು ಒತ್ತಿಸಲಿಲ್ಲ. ಅವನಿಗೆ ಓದಿ ಹೇಳಲಾಯಿತು. ಅವನು ಕೇಳಿದ, ತಿಳಿದ, ಒತ್ತಿದ. ಪುಸ್ತಕದ ಪ್ರಕಾರ ಇದು ಒಪ್ಪಿಗೆಯೇ. ಆದರೆ ಹಸಿವು ಕೈ ಹಿಡಿದರೆ ಅದು ಕಣ್ಣಿಗೆ ಕಾಣುವುದಿಲ್ಲ. 1982ರಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ದಿಲ್ಲಿಯಲ್ಲಿ ಕಟ್ಟಡ ಕಟ್ಟಿದ ಕೂಲಿಗಳಿಗೆ ದಿನಕ್ಕೆ 9 ರೂಪಾಯಿ 25 ಪೈಸೆ ಸಿಗಬೇಕಿತ್ತು. ಜಮಾದಾರರು ಒಂದು ರೂಪಾಯಿ ಮುರಿದುಕೊಳ್ಳುತ್ತಿದ್ದರು. ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು: ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ, ಬಡತನದ ಒತ್ತಡವೂ ಬಲವಂತವೇ.

ನಮ್ಮ ರಾಜ್ಯದಲ್ಲೇ ಇದಕ್ಕಿಂತ ಮೊದಲಿನ ಉದಾಹರಣೆ ಇದೆ. ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿ ಸಾಲಕ್ಕೆ, ಹೆಂಡಕ್ಕೆ, ಮದುವೆಗೆ, ಬೆದರಿಕೆಗೆ ಉಳ್ಳವರ ಪಾಲಾಗುತ್ತಿತ್ತು. ಎಲ್ಲಕ್ಕೂ ಕಾಗದವಿತ್ತು, ಹೆಬ್ಬೆಟ್ಟಿತ್ತು, ಸಾಕ್ಷಿಗಳಿದ್ದರು. 1978ರ ಪರಭಾರೆ ನಿಷೇಧ ಕಾಯ್ದೆ, ಮಂಜೂರಾತಿಯ ಷರತ್ತು ಮುರಿದ ಪರಭಾರೆ ಅಸಿಂಧು, ಭೂಮಿ ಹಿಂದಕ್ಕೆ ಕೊಡಿ ಅಂದಿತು. ಕೊಂಡವರು ಕೋರ್ಟಿಗೆ ಹೋದರು. 1984ರಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಹೆಬ್ಬೆಟ್ಟು ನಿಜ, ಸಾಕ್ಷಿ ನಿಜ. ಆದರೂ ನಡೆದದ್ದು ಅನ್ಯಾಯ ಎಂದು ಹೇಳಲು ಒಂದು ಕಾನೂನಿಗೆ ಸಾಧ್ಯವಾಯಿತು. ಕಾನೂನಿಗೆ ಸಾಧ್ಯವಾದದ್ದು ಸಾಕ್ಷಿ ಹಾಕುವ ಮನುಷ್ಯನಿಗೆ ಯಾಕೆ ಸಾಧ್ಯವಾಗಬಾರದು?

1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಇನ್ನೂ ಒಂದು ದಾರಿ ತೋರಿಸಿತ್ತು. ಕಂಟ್ರಾಕ್ಟರ್ ಬಟವಾಡೆ ಮಾಡುವಾಗ ಮೂಲ ಮಾಲೀಕನ ಪ್ರತಿನಿಧಿ ಅಲ್ಲಿ ಹಾಜರಿದ್ದು, ಇಷ್ಟು ಹಣ ಕೊಟ್ಟದ್ದು ನಿಜ ಎಂದು ದೃಢೀಕರಿಸಬೇಕು ಅಂತ ಅದರಲ್ಲಿತ್ತು. ಇಪ್ಪತ್ತಕ್ಕಿಂತ ಕಡಿಮೆ ಆಳಿನ ಕೆಲಸಕ್ಕೆ ಅದು ತಾಗುತ್ತಿರಲಿಲ್ಲ, ತಾಗಿದ ಕಡೆಯೂ ಎಷ್ಟು ನಡೆಯಿತು ಅಂತ ದುಡಿದವರನ್ನೇ ಕೇಳಿ. ಆದರೆ ಅದರ ಹಿಂದಿದ್ದ ವಿಚಾರ ಸರಿ. ಸಾಕ್ಷಿ ಬೇಕಾದದ್ದು ಹಣ ಕೈ ಬದಲಾಗುವ ಹೊತ್ತಿಗೆ, ಬೆರಳು ಒತ್ತುವ ಹೊತ್ತಿಗೆ ಮಾತ್ರವಲ್ಲ.

ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಈ ಬಿಡುಗಡೆ ಪತ್ರಕ್ಕೆ ನಾಲ್ಕು ನಮೂನೆ ಇವೆ. ಎರಡು ಷರತ್ತಿನವು: ಹಣ ಸಂದರೆ ಮಾತ್ರ ಪತ್ರ ಊರ್ಜಿತ. ಎರಡು ಷರತ್ತಿಲ್ಲದವು. ಷರತ್ತಿಲ್ಲದ ನಮೂನೆಯಲ್ಲೇ ಎಚ್ಚರಿಕೆ ಅಚ್ಚಾಗಿರುತ್ತದೆ: ಹಣ ಬಂದಿಲ್ಲದಿದ್ದರೆ ಇದಕ್ಕೆ ಸಹಿ ಹಾಕಬೇಡ, ಷರತ್ತಿನ ನಮೂನೆ ಬಳಸು. ಒಂದು ಸಾಲು, ಅಷ್ಟೇ. ಜೆ.ಪಿ. ನಗರದ ಆ ಸಂಜೆ 'ಹಣ ಕೈಸೇರಿದ ಮೇಲೆ ಮಾತ್ರ ಈ ಪತ್ರ ಊರ್ಜಿತ' ಅಂತ ಹೆಬ್ಬೆಟ್ಟಿನ ಮೇಲೆ ಬರೆಯಲು ನನಗೆ ಕನ್ನಡ ಬರುತ್ತಿತ್ತು, ಪೆನ್ನೂ ಇತ್ತು. ಇಲ್ಲದೆ ಇದ್ದದ್ದು ಧೈರ್ಯ.

ಇಲ್ಲಿಗೆ ಬಂದಾಗ ವ್ಯವಸ್ಥೆಯನ್ನು ಬೈದು ನಾನು ಪಾರಾಗುವ ಹಾಗಿಲ್ಲ. ಅಕ್ಷರ ಕಲಿತವರು ನಾವು ಹಟ್ಟಿಗೆ ಏನಾಗುತ್ತೇವೆ? ಅವತ್ತು ಆ ಹುಡುಗನಿಗೆ ಬೇಕಾದದ್ದು ನನ್ನ ಡಿಗ್ರಿಯೇ. ಅಪ್ಪ ಪರದೆಯ ಕರಿ ಕೋಟನ್ನು ನಂಬಲಿಲ್ಲ, ಕಂಟ್ರಾಕ್ಟರನ್ನು ನಂಬಲಿಲ್ಲ. ನನ್ನನ್ನು ನಂಬಿ ಒತ್ತಿದ. ಹಿಂದೆ ಶಾನುಭೋಗರು ಮಾಡುತ್ತಿದ್ದ ಕೆಲಸವನ್ನು ಈಗ ಮನೆಯ ಮಗನೇ ಮಾಡಿದರೆ ಅದಕ್ಕೆ ವಿದ್ಯೆ ಅನ್ನಬೇಕೇ?

ಈಗ ಊರೂರಲ್ಲಿ ಬರಹ ಬಲ್ಲ ಹುಡುಗ ಹುಡುಗಿಯರಿದ್ದಾರೆ, ಮೇಷ್ಟ್ರುಗಳಿದ್ದಾರೆ. ಅವರ ಹತ್ತಿರ ದಿನವೂ ಇಂಥ ಕಾಗದಗಳು ಬರುತ್ತವೆ. ಒಂದು ಮಾತು ಕೇಳಿಕೊಳ್ಳುತ್ತೇನೆ. ಓದಿ ಹೇಳಿದರೆ ಸಾಲದು, ಓದಿದ್ದು ನಿಜವೇ ಅಂತ ಕೇಳಿ. ನಿಜವಲ್ಲದಿದ್ದರೆ ಸಾಕ್ಷಿ ಹಾಕಬೇಡಿ. ಕೆಲಸ ಹೋಗುತ್ತದೆ ಎಂಬ ಭಯ ಸುಳ್ಳಲ್ಲ, ಅದು ಒಬ್ಬನ ಕೈಲಿ ಎದುರಿಸಲಾಗದ ಭಯ. ಐದು ಆಳೂ ಒಟ್ಟಿಗೆ ಒತ್ತುವುದಿಲ್ಲ ಅಂದರೆ ಕಾಗದ ಬೇಕಾದವನೇ ಹಣ ಹುಡುಕುತ್ತಾನೆ, ಮನೆ ಮಾರಬೇಕಾದ ಅವಸರ ಅವನದು. ನಮ್ಮ ಕೈಯಲ್ಲಿದ್ದ ಹಿಡಿತ ಅದೊಂದೇ ಆಗಿತ್ತು. ಅದನ್ನು ಒಂದೂವರೆ ನಿಮಿಷದಲ್ಲಿ ಬಿಟ್ಟುಕೊಟ್ಟೆವು.

ಬಾಕಿ ಬರಲಿಲ್ಲ ಅಂತ ಗೊತ್ತಾದ ದಿನ ಅಪ್ಪ ನನ್ನನ್ನು ಬೈಯಲಿಲ್ಲ. ನಾಲ್ಕು ಆಳಿನ ಕೂಲಿಯನ್ನು ಸಾಲ ಮಾಡಿ ಕೊಟ್ಟು ಬಂದ. ರಾತ್ರಿ ಉಣ್ಣುವಾಗ ಅಂದ: "ಆವತ್ತು ಕಾಗ್ದದ ಮೇಲೆ ನಿನ್ ಹೆಸ್ರು ಭಾಳ ಚಂದಾಗಿತ್ತು ಕಣ್ ಮಗ."

26,000 ಇನ್ನೂ ಬಾಕಿ ಇದೆ. ಇದಕ್ಕೆ ನಾನು ಸಾಕ್ಷಿ.