ಹೆಗಲ ಮೇಲಿನ ಕಣ್ಣು

ಕಾಡಿನಲ್ಲಿ ದಾರಿ ತಪ್ಪಿದ ಇಬ್ಬರ ಕಥೆ ನಮಗೆಲ್ಲ ಗೊತ್ತು. ಒಬ್ಬನಿಗೆ ಕಣ್ಣಿಲ್ಲ, ಇನ್ನೊಬ್ಬನಿಗೆ ಕಾಲಿಲ್ಲ. ಕಣ್ಣಿಲ್ಲದವನು ಕಾಲಿಲ್ಲದವನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಾನೆ. ಮೇಲಿನವನು ದಾರಿ ಹೇಳುತ್ತಾನೆ, ಕೆಳಗಿನವನು ನಡೆಯುತ್ತಾನೆ, ಇಬ್ಬರೂ ಊರು ಸೇರುತ್ತಾರೆ. ಈಶ್ವರಕೃಷ್ಣನ ಸಾಂಖ್ಯಕಾರಿಕೆ ಎಂಬ ದರ್ಶನಗ್ರಂಥ ತನ್ನ 21ನೆಯ ಕಾರಿಕೆಯಲ್ಲಿ ಪುರುಷ, ಪ್ರಕೃತಿಯರ ಕೂಟಕ್ಕೆ ಈ ಜೋಡಿಯನ್ನೇ ಹೋಲಿಕೆಯಾಗಿ ಕೊಡುತ್ತದೆ. ಪುರುಷ ನೋಡಬಲ್ಲ, ನಡೆಯಲಾರ. ಪ್ರಕೃತಿ ನಡೆಯಬಲ್ಲಳು, ನೋಡಲಾರಳು. ತತ್ತ್ವದ ಮಾತು ಹಾಗಿರಲಿ. ಕಥೆ ಪ್ರಶ್ನಿಸದೆಯೇ ಒಪ್ಪಿಕೊಂಡುಬಿಟ್ಟ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಕಾಲು ಸೋತವನ ಕಣ್ಣಿಗೆ ಏನೂ ಆಗಿಲ್ಲ, ಕಣ್ಣು ಹೋದವನ ಕಾಲಿಗೂ ಏನೂ ಆಗಿಲ್ಲ. ನೋಟ ಒಬ್ಬನ ಪಾಲು, ನಡೆ ಇನ್ನೊಬ್ಬನ ಪಾಲು. ದೇಹದೊಳಗೆ ನಿಜಕ್ಕೂ ಹೀಗೆ ಪಾಲಾಗಿದೆಯೇ?

ಚನ್ನಗಿರಿ ಸೀಮೆಯ ಅಡಿಕೆ ತೋಟದಲ್ಲಿ ಬಸಿಗಾಲುವೆ ದಾಟುವಾಗ ದಿನಾ ಕಾಲು ತಪ್ಪುವ ಹುಡುಗನನ್ನು ನೆನೆಯಿರಿ. ಜಗಳೂರು ಕಡೆಯ ಶಾಲೆಯ ಬಯಲಲ್ಲಿ, ಲಗೋರಿ ಚೆಂಡು ಎದೆಗೆ ಬಡಿದ ಮೇಲೆ ಕೈ ಎತ್ತುವ ಹುಡುಗಿಯನ್ನು ನೆನೆಯಿರಿ. ಅಂಗಿಯ ಗುಂಡಿ ಹಾಕುವಷ್ಟರಲ್ಲಿ ಪ್ರಾರ್ಥನೆಯ ಗಂಟೆ ಹೊಡೆದಿರುತ್ತದೆ. ಬೋರ್ಡಿನ ಎರಡು ಸಾಲು ಇಳಿಸುವಷ್ಟರಲ್ಲಿ ಪೀರಿಯಡ್ಡೇ ಮುಗಿದಿರುತ್ತದೆ. ಮನೆಯಲ್ಲೂ ಬಯಲಲ್ಲೂ ಒಂದೇ ಬೈಗುಳ: "ನೋಡ್ಕಂಡು ನಡಿಯಾಕಾಗಲ್ವೇನೋ, ಕಣ್ಣು ಎಲ್ಲಿಟ್ಟಿದೀಯ?" ಕಣ್ಣಿನ ಡಾಕ್ಟರು ಗೋಡೆಯ ಪಟ ಓದಿಸುತ್ತಾರೆ. ಮಗು ಕೊನೆಯ ಸಾಲಿನವರೆಗೂ ಓದುತ್ತದೆ. ಕಣ್ಣು ಚೆನ್ನಾಗಿದೆ ಎಂದಾದ ಮೇಲೆ ಉಳಿಯುವುದು ಸೋಮಾರಿತನದ ಆರೋಪ ಮಾತ್ರ.

ಶಾಲೆಗೆ ಹೋಗುವ ವಯಸ್ಸಿನ 100 ಮಕ್ಕಳಲ್ಲಿ 5–6 ಮಕ್ಕಳಿಗೆ ಇಂಥ ಚಲನ ಸಮನ್ವಯದ ತೊಂದರೆ ಇರುತ್ತದೆಂದು ವೈದ್ಯಶಾಸ್ತ್ರ ಅಂದಾಜಿಸುತ್ತದೆ. ಡಾಕ್ಟರುಗಳು ಇದನ್ನು ಡಿಸಿಡಿ (ಡೆವಲಪ್‌ಮೆಂಟಲ್ ಕೋಆರ್ಡಿನೇಶನ್ ಡಿಸಾರ್ಡರ್) ಎನ್ನುತ್ತಾರೆ, ಡಿಸ್ಪ್ರಾಕ್ಸಿಯಾ ಎಂದೂ ಕರೆಯುವುದುಂಟು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಹೊರಗಿನಿಂದ ನೋಡಿದರೆ ಇದು ಕೈಕಾಲಿನ ದೋಷದಂತೆಯೇ ಕಾಣುತ್ತದೆ. 1998ರಲ್ಲಿ ವಿಲ್ಸನ್ ಮತ್ತು ಮೆಕೆಂಜಿ ಎಂಬ ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಮಾಡಿ ತೂಗಿದಾಗ ಅತಿ ದೊಡ್ಡ ಕೊರತೆ ಕಂಡದ್ದು ಕಣ್ಣಿನಿಂದ ಬಂದ ಜಾಗದ ಲೆಕ್ಕಾಚಾರದಲ್ಲಿ: ಯಾವುದು ಎಷ್ಟು ದೂರ, ಎಷ್ಟು ಉದ್ದ, ಯಾವ ಕಡೆ ವಾಲಿದೆ ಎಂಬುದರಲ್ಲಿ. ಕೈ ಆಡಿಸುವ ಅಗತ್ಯವೇ ಇಲ್ಲದ ಪರೀಕ್ಷೆಗಳಲ್ಲೂ ಆ ಕೊರತೆ ಇತ್ತು. ಅಂದರೆ ನಾವು ಕೈಯನ್ನು ಬೈಯುತ್ತಿದ್ದೆವು. ಕೈಗೆ ಸಿಕ್ಕ ವಿಳಾಸವೇ ಮಸುಕಾಗಿತ್ತು.

ಮಿದುಳಿನ ಪೆಟ್ಟಿನಿಂದ ಚಲನೆ ಕೆಡುವ ಸೆರೆಬ್ರಲ್ ಪಾಲ್ಸಿ ಇರುವ ಅನೇಕ ಮಕ್ಕಳಲ್ಲಿ ನೋಟದ ಈ ಕೊರತೆ ಇನ್ನೂ ಗಾಢ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿನ ಮಿದುಳಿನಲ್ಲಿ, ನಡುವಿನ ದ್ರವದ ಕೋಶಗಳ ಅಂಚಿನ ಬಿಳಿ ನರತಂತುಗಳು ಬಹಳ ಸೂಕ್ಷ್ಮ. ಪೆಟ್ಟು ಬಿದ್ದರೆ ಹೆಚ್ಚಾಗಿ ಅಲ್ಲಿಗೇ ಬೀಳುತ್ತದೆ. ಆ ಅಂಚಿಗೆ ತೀರ ಹತ್ತಿರದಲ್ಲಿ ಹಾಯುವುದು ಕಾಲುಗಳಿಗೆ ಹೋಗುವ ತಂತುಗಳು. ಅದೇ ಅಂಚಿನ ಹಿಂಭಾಗದಲ್ಲಿ, ಮೇಲ್ಮಗ್ಗುಲಿಗೆ ಹಾಯುವುದು ನೋಟದ ಕೆಳಗಿನ ಅರ್ಧವನ್ನು ಹೊತ್ತ ತಂತುಗಳು. ಆದ್ದರಿಂದ ಒಂದೇ ಪೆಟ್ಟಿಗೆ ಮಗುವಿನ ಕಾಲೂ ಬಿಗಿಯಬಹುದು, ಕಾಲಡಿಯ ನೆಲವೂ ಮರೆಯಾಗಬಹುದು. ಅಂಥ ಮಗು ಟೈಲ್ಸ್ ಮುಗಿದು ಸಿಮೆಂಟು ಶುರುವಾಗುವ ಗೆರೆಯ ಬಳಿ ನಿಂತುಬಿಡುತ್ತದೆ, ಪಾದದಿಂದ ತಡವುತ್ತದೆ. ಅದು ಬರೀ ಗೆರೆಯೋ ಮೆಟ್ಟಿಲೋ ಅದಕ್ಕೆ ತಿಳಿಯದು. ಸಂತೆಯ ಗದ್ದಲದಲ್ಲಿ ಎದುರಿಗಿರುವ ಅವ್ವನನ್ನೇ ಗುರುತಿಸಲಾರದೆ ಅಳುತ್ತದೆ. ನಮ್ಮ ದೇಶದಲ್ಲಿ ಹೆರಿಗೆಯ ಹೊತ್ತಿನ ಉಸಿರುಗಟ್ಟುವಿಕೆಯೂ ಎಳೆಗೂಸಿನ ರಕ್ತದಲ್ಲಿ ಸಕ್ಕರೆ ಇಳಿಯುವುದೂ ಮಿದುಳಿನ ಈ ನೋಟದ ತೊಂದರೆಗೆ ದೊಡ್ಡ ಕಾರಣಗಳು. ಹೆಗಲ ಮೇಲೆ ಕೂತು ದಾರಿ ಹೇಳಬೇಕಾದವನಿಗೇ ದಾರಿ ಅರ್ಧ ಕಂಡರೆ ಆ ಕಥೆ ಮುಂದೆ ಸಾಗುವುದು ಹೇಗೆ?

ಸಾಂಖ್ಯರು ಜ್ಞಾನೇಂದ್ರಿಯ ಐದು, ಕರ್ಮೇಂದ್ರಿಯ ಐದು ಎಂದು ಎರಡು ಪಟ್ಟಿ ಮಾಡಿದರು. ಕಣ್ಣು ಮೊದಲನೆಯದರಲ್ಲಿ, ಕೈಕಾಲು ಎರಡನೆಯದರಲ್ಲಿ. ಆದರೆ 27ನೆಯ ಕಾರಿಕೆಗೆ ಬಂದಾಗ ಮನಸ್ಸನ್ನು ಯಾವ ಪಟ್ಟಿಗೂ ಸೇರಿಸದೆ, ಅದು ಎರಡೂ ಹೌದು ಎಂದರು. ಉಭಯಾತ್ಮಕ. ನನಗೆ ಕುಂಟ, ಕುರುಡರ ಉಪಮೆಗಿಂತ ಈ ಒಂದು ಮಾತು ಹೆಚ್ಚು ಆಳದ್ದಾಗಿ ಕಾಣುತ್ತದೆ. 1992ರಲ್ಲಿ ಸಂಶೋಧಕರಾದ ಮೆಲ್ವಿನ್ ಗುಡೇಲ್ ಮತ್ತು ಡೇವಿಡ್ ಮಿಲ್ನರ್ ಬರೆದದ್ದು ಇದರ ನೆರೆಯ ಸಂಗತಿ. ವಿಷಾನಿಲ ಕುಡಿದು ಮಿದುಳಿಗೆ ಪೆಟ್ಟಾದ ಒಬ್ಬ ಮಹಿಳೆಗೆ ಎದುರಿನ ಸೀಳು ಅಡ್ಡಕ್ಕಿದೆಯೋ ಉದ್ದಕ್ಕಿದೆಯೋ ಹೇಳಲು ಬರುತ್ತಿರಲಿಲ್ಲ. ಕೈಗೆ ಕಾರ್ಡು ಕೊಟ್ಟು ಸೀಳಿನೊಳಗೆ ಹಾಕಲು ಹೇಳಿದರೆ ಸರಿಯಾಗಿ ತಿರುಗಿಸಿ ಹಾಕುತ್ತಿದ್ದರು. ಇದರಿಂದ ಆ ಸಂಶೋಧಕರು ಕಂಡುಕೊಂಡದ್ದು: ಇದೇನು ಎಂದು ಅರಿಯುವ ನೋಟ ಒಂದು ಹಾದಿಯಲ್ಲಿ, ಇದರೊಡನೆ ಏನು ಮಾಡಲಿ ಎಂದು ಕೈಕಾಲನ್ನು ನಡೆಸುವ ನೋಟ ಇನ್ನೊಂದು ಹಾದಿಯಲ್ಲಿ. ಗೋಡೆಯ ಪಟ ಪರೀಕ್ಷಿಸುವುದು ಮೊದಲನೆಯದನ್ನು. ಬಸಿಗಾಲುವೆ ದಾಟಿಸುವುದು ಎರಡನೆಯದು. ಹಾಗಾದರೆ ಕಣ್ಣಿಗೆ ಕರ್ಮೇಂದ್ರಿಯದ ಪಟ್ಟಿಯಲ್ಲೂ ಒಂದು ಜಾಗ ಬೇಕಲ್ಲವೇ?

ನಡೆಯಿಲ್ಲದೆ ನೋಟ ಬೆಳೆಯುವುದೂ ಇಲ್ಲ. 1963ರಲ್ಲಿ ಹೆಲ್ಡ್ ಮತ್ತು ಹೈನ್ ಎಂಬುವರು ಬೆಕ್ಕಿನ ಮರಿಗಳನ್ನು ಜೋಡಿ ಜೋಡಿಯಾಗಿ ಒಂದು ತಿರುಗಣಿಗೆ ಕಟ್ಟಿದರು. ಒಂದು ಮರಿ ತಾನೇ ನಡೆದು ತಿರುಗಿಸುತ್ತಿತ್ತು, ಇನ್ನೊಂದು ತೊಟ್ಟಿಯಲ್ಲಿ ಕೂತು ಸುಮ್ಮನೆ ಸುತ್ತುತ್ತಿತ್ತು. ಎರಡರ ಕಣ್ಣಿಗೂ ಬಿದ್ದದ್ದು ಒಂದೇ. ಆದರೂ ಆಳ ಅಳೆಯಲು ಕಲಿತದ್ದು ನಡೆದ ಮರಿ ಮಾತ್ರ. ಕೂತದ್ದನ್ನು ತಾನೇ ಓಡಾಡಲು ಬಿಟ್ಟ ಮೇಲೆ ಅದೂ ಕಲಿಯಿತು. ಚೆಂಡು ಹಿಡಿಯಲಾರದವನನ್ನು ಆಟದಿಂದ ಹೊರಗೆ ಕೂರಿಸಿದಾಗ ನಾವು ಅವನನ್ನು ಆ ತೊಟ್ಟಿಯಲ್ಲಿ ಕೂರಿಸುತ್ತಿದ್ದೇವೆ. ಆಡದ್ದಕ್ಕೆ ನೋಟ ಪಳಗದು, ನೋಟ ಪಳಗದ್ದಕ್ಕೆ ಆಟಕ್ಕೆ ಸೇರಿಸರು.

ಬರವಣಿಗೆಯ ಕಷ್ಟ ಬೇರೆಯೇ. ಕನ್ನಡದಲ್ಲಿ ಗುಣಿತ ಅಕ್ಷರದ ತಲೆಗೂ ಪಕ್ಕಕ್ಕೂ ಅಂಟುತ್ತದೆ, ಒತ್ತಕ್ಷರ ಕೆಳಗೆ ಇಳಿಯುತ್ತದೆ. ಯಾವ ತೊಂದರೆಯೂ ಇಲ್ಲದ ಮಕ್ಕಳೇ ಕನ್ನಡದ ಅಕ್ಷರಗಳನ್ನು ಪೂರ್ತಿ ಕೈವಶ ಮಾಡಿಕೊಳ್ಳಲು ನಾಲ್ಕನೆಯ ತರಗತಿಯಾಚೆಗೂ ಹೆಣಗುತ್ತಾರೆಂದು ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ತೋರಿಸಿದರು. ಜಾಗದ ಲೆಕ್ಕ ತಪ್ಪುವ ಮಗುವಿಗೆ ಬೋರ್ಡಿನಿಂದ ಇಳಿಸು ಎನ್ನುವುದು ಶಿಕ್ಷೆಯೇ ಸರಿ. ಬರೆದದ್ದನ್ನು ಪಕ್ಕದಲ್ಲೇ ಇಟ್ಟುಕೊಟ್ಟರೆ ಕೆಲಸ ಅರ್ಧ ಹಗುರ.

ಬಣ್ಣದ ಕನ್ನಡಕ, ದುಬಾರಿ ಕಣ್ಣಿನ ಕಸರತ್ತು ಮಾರುವವರಿದ್ದಾರೆ. ಕಲಿಕೆಯ ತೊಂದರೆಗೆ ಇವುಗಳಿಂದ ಗುಣ ಎಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರೂ ನೇತ್ರವೈದ್ಯರೂ 2009ರಲ್ಲಿ ಸೇರಿ ಹೇಳಿದ್ದಾರೆ. ಫಲ ಕೊಡುವುದು ಸಾದಾ ಕೆಲಸ: ಗುಂಡಿ ಬರದಿದ್ದರೆ ಗುಂಡಿಯನ್ನೇ, ಸೈಕಲ್ಲು ಬರದಿದ್ದರೆ ಸೈಕಲ್ಲನ್ನೇ, ಬಿಡಿಬಿಡಿಯಾಗಿ ಕಲಿಸುವುದು. ಚೆಂಡು ಎಸೆಯುವವನ ಕೈಯನ್ನು ಮೊದಲೇ ನೋಡು, ಚೆಂಡನ್ನು ಬಿಡದೆ ನೋಡು ಎಂದು ಕಲಿಸಿದಾಗ ಡಿಸಿಡಿ ಇರುವ ಮಕ್ಕಳು ಹಿಡಿಯುವುದರಲ್ಲಿ ಸುಧಾರಿಸಿದ್ದನ್ನು 2015ರ ಒಂದು ಬ್ರಿಟಿಷ್ ಅಧ್ಯಯನ ದಾಖಲಿಸಿದೆ. ಇದಕ್ಕೆ ಒಂದು ಚೆಂಡು, ಬೈಯದ ಒಬ್ಬ ಮೇಷ್ಟ್ರು ಸಾಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯ ವಿವರಣೆಯಲ್ಲಿ ಡಿಸ್ಪ್ರಾಕ್ಸಿಯಾವನ್ನೂ ಗ್ರಹಿಕೆಯ ತೊಂದರೆಯನ್ನೂ ಹೆಸರಿಸಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಬರಬೇಕೆಂಬುದು ನಿಯಮ. ಕೆಲವೇ ನಿಮಿಷದ ತಪಾಸಣೆಯಲ್ಲಿ ಆ ತಂಡಕ್ಕೆ ಈ ತೊಂದರೆ ಕಾಣದಿರಬಹುದು. ದಿನವಿಡೀ ಮಗುವಿನ ಜೊತೆಗಿರುವ ತಾಯ್ತಂದೆಯರಾದ, ಮೇಷ್ಟ್ರಾದ ನಿಮಗೆ ಕಾಣುತ್ತದೆ. ಚನ್ನಗಿರಿ, ಹೊನ್ನಾಳಿ, ಜಗಳೂರಿನವರಾಗಲಿ, ನ್ಯಾಮತಿಯವರಾಗಲಿ, ತಂಡ ಬಂದ ದಿನ ಮೂರು ಮಾತು ತಪ್ಪದೆ ಹೇಳಿ: ಮಗು ಮೆಟ್ಟಿಲು ಇಳಿಯುವಾಗ ಹೇಗೆ ಇಳಿಯುತ್ತದೆ, ಚೆಂಡು ಬಂದಾಗ ಏನು ಮಾಡುತ್ತದೆ, ತಿಂಗಳು ತುಂಬಿ ಹುಟ್ಟಿತ್ತೇ. ಆಮೇಲೆ ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಚೀಟಿ ಬರೆಸಿಕೊಳ್ಳಿ.