ಕೈಗೆ ಕೊಟ್ಟವರಾರು?

ಸದ್ಭಕ್ತರೇ, 2020ರಲ್ಲಿ ಕೊರೋನಾ ನಿಮಿತ್ತ ಶಾಲೆಗಳು ಮುಚ್ಚಿದಾಗ, ಪಾಠ ಕೇಳಲೆಂದು ಮಕ್ಕಳ ಕೈಗೆ ಮೊಬೈಲನ್ನಿತ್ತವರು ಹಿರಿಯರಾದ ನಾವೇ. ಶಾಲೆಗಳು ಮರಳಿ ತೆರೆದವು; ಮೊಬೈಲು ಕೈಯಲ್ಲಿಯೇ ಉಳಿಯಿತು.

ನಮ್ಮ ಪ್ರಸಾದನಿಲಯದ ಹತ್ತನೆಯ ತರಗತಿಯ ಬಾಲಕನೊಬ್ಬ ಮೊನ್ನೆ ಹೇಳಿದ: “ಬುದ್ಧೀ, ಚಿತ್ರವೊಂದನ್ನು ಹಾಕಿದರೆ ಎಷ್ಟು ಮಂದಿ ಮೆಚ್ಚಿದರೆಂದು ಎಣಿಸುವುದರಲ್ಲೇ ಓದಿನ ಹೊತ್ತು ಕಳೆಯುತ್ತದೆ. ಬಿಡೋಣವೆಂದರೆ ಗೆಳೆಯರ ಮಾತೆಲ್ಲ ಅಲ್ಲಿಯೇ, ನಾನೊಬ್ಬನೇ ಹೊರಗುಳಿಯುತ್ತೇನೆ.” ಇದನ್ನು ಚಾಪಲ್ಯವೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ.

ಆಸ್ಟ್ರೇಲಿಯಾ ದೇಶವು 2025ರ ಡಿಸೆಂಬರ್ 10ರಿಂದ, 16 ವರ್ಷದೊಳಗಿನವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ಕಾನೂನನ್ನು ಜಾರಿಗೆ ತಂದಿತು. ದಂಡ ಮಕ್ಕಳಿಗಲ್ಲ, ತಂದೆತಾಯಿಗಳಿಗೂ ಅಲ್ಲ, ಕಂಪನಿಗಳಿಗೆ. ಉಚಿತವೇ. ಆದರೆ ಮನೆಯೊಳಗಣ ಹೊಣೆ ಯಾರದು?

ಬಾಲಕನಿಗೆ ಸಂಯಮವನ್ನು ಬೋಧಿಸಹೊರಟೆವು. ಪೂಜೆ ಮುಗಿದೊಡನೆ ನಮ್ಮ ಕೈಯೂ ಮೊದಲು ಚಾಚುವುದು ಅದರತ್ತಲೇ ಎಂಬುದು ನೆನಪಾಗಿ, ಮಾತು ಗಂಟಲಲ್ಲಿಯೇ ನಿಂತಿತು.